ಅಣ್ಣಾವ್ರು ಪಿಸ್ತೂಲು ಹಿಡಿದಾಗ

ನವೆಂಬರ್ ಬಂದ್ರೆ ಹೊಸಹಳ್ಳಿ, ವಿಜಯನಗರದ ಆಟೋ ಸ್ಟ್ಯಾಂಡ್‌ಗಳಲ್ಲಿ ಹಳದಿ-ಕೆಂಪು ಬಾವುಟದ ಪಕ್ಕ ಡಾ. ರಾಜ್‌ಕುಮಾರ್ ಫೋಟೋ ಇದ್ದೇ ಇರುತ್ತೆ. ಒಂದು ಕಡೆ ಮಯೂರ, ಇನ್ನೊಂದು ಕಡೆ ಕೃಷ್ಣದೇವರಾಯ, ಮತ್ತೊಂದು ಕಡೆ ಬಿಳಿ ಪಂಚೆ, ಬಿಳಿ ಶರ್ಟು. ಪಿಸ್ತೂಲು ಹಿಡಿದಿರೋ ಫೋಟೋ ಮಾತ್ರ ಕಾಣೋದು ಕಮ್ಮಿ. ನಮ್ಮ ಕಾಲೇಜಿನಲ್ಲಿ ಬಹಳಷ್ಟು ಜನ ಅಣ್ಣಾವ್ರು ತೀರಿಕೊಂಡ ಮೇಲೆ ಹುಟ್ಟಿದವರು. ಅವರು ಕನ್ನಡದ ಬಾಂಡ್ ಕೂಡ ಆಗಿದ್ರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅವರು ಹುಟ್ಟಿದ್ದು 1929ರ ಏಪ್ರಿಲ್ 24ರಂದು. ಹೆಸರು ಮುತ್ತುರಾಜ್. ಊರು ಗಾಜನೂರು, ಈಗ ತಮಿಳುನಾಡಿನಲ್ಲಿದೆ. ತಂದೆ ಪುಟ್ಟಸ್ವಾಮಯ್ಯ ನಾಟಕದ ಕಲಾವಿದರು. ಹುಡುಗನಿಗೆ ಶಾಲೆ ಹೆಚ್ಚು ದಿನ ನಡೆಯಲಿಲ್ಲ. ಗುಬ್ಬಿ ವೀರಣ್ಣನವರ ಕಂಪನಿಯೇ ಅವನ ಶಾಲೆ, ಕಾಲೇಜು ಎಲ್ಲಾ ಆಯ್ತು. ಮಾತು, ಹಾಡು, ನಡಿಗೆ ಕಲಿತಿದ್ದೆಲ್ಲ ರಂಗದ ಮೇಲೆ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ ಬಂತು, ಮುತ್ತುರಾಜ್ ರಾಜ್‌ಕುಮಾರ್ ಆದರು.

ಅಲ್ಲಿಂದ ಮುಂದೆ ಸಾಲು ಸಾಲಾಗಿ ಭಕ್ತರು, ರಾಜರು. 1960ರಲ್ಲಿ ರಣಧೀರ ಕಂಠೀರವ, 1965ರಲ್ಲಿ ಸತ್ಯ ಹರಿಶ್ಚಂದ್ರ, 1966ರಲ್ಲಿ ‘ಮಂತ್ರಾಲಯ ಮಹಾತ್ಮೆ’ಯ ರಾಘವೇಂದ್ರ ಸ್ವಾಮಿ. ಜನ ಅವರನ್ನ ಬರೀ ನಟ ಅಂತ ನೋಡ್ತಿರಲಿಲ್ಲ, ಮನಸ್ಸಿನಲ್ಲೇ ಕೈ ಮುಗೀತಿದ್ರು.

ಇದಾಗಿ ಎರಡೇ ವರ್ಷ. 1968ರಲ್ಲಿ ‘ಜೇಡರ ಬಲೆ’ ಬಂತು. ಕಾವಿ ಹೋಗಿ ಕೋಟು ಬಂತು, ಕಮಂಡಲದ ಜಾಗಕ್ಕೆ ಪಿಸ್ತೂಲು ಬಂತು. ನಾಯಕನ ಗುರುತು ಸಿಐಡಿ 999. 007 ನೋಡಿ ಹುಟ್ಟಿದ ನಂಬರ್ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬಾಂಡ್ ಶೈಲಿಯ ಮೊದಲ ಕನ್ನಡ ಸಿನಿಮಾ ಅಂತ ಇದನ್ನೇ ಕರೀತಾರೆ. ಕ್ಯಾಮೆರಾ ಗೊತ್ತಿದ್ದ ದೊರೈರಾಜ್ ಮತ್ತು ಎಸ್.ಕೆ. ಭಗವಾನ್ ‘ದೊರೈ-ಭಗವಾನ್’ ಜೋಡಿಯಾಗಿ ನಿರ್ದೇಶನಕ್ಕೆ ಇಳಿದ ಚಿತ್ರ ಇದು. ನಾಯಕಿ ಜಯಂತಿ, ನಗಿಸೋಕೆ ನರಸಿಂಹರಾಜು, ಸಂಗೀತ ಜಿ.ಕೆ. ವೆಂಕಟೇಶ್. ಅದೇ ವರ್ಷ ‘ಭಾಗ್ಯದ ಬಾಗಿಲು’ ಚಿತ್ರದೊಂದಿಗೆ ಅಣ್ಣಾವ್ರು ನೂರು ಸಿನಿಮಾ ಮುಗಿಸಿದ್ರು. ನೂರು ಸಿನಿಮಾ ಕಟ್ಟಿಕೊಟ್ಟ ಹೆಸರನ್ನ ಪಣಕ್ಕಿಟ್ಟು, 39ನೇ ವಯಸ್ಸಿನಲ್ಲಿ ಹೊಸದೊಂದಕ್ಕೆ ಕೈ ಹಾಕೋದು ಸಣ್ಣ ಧೈರ್ಯ ಅಲ್ಲ. ಒಂದು ಸೆಮ್ ಸಿಜಿಪಿಎ ಬಿದ್ದೀತು ಅಂತ ಇಷ್ಟದ ಎಲೆಕ್ಟಿವ್ ಬಿಡೋ ನಮಗೆ ಇದು ಚೆನ್ನಾಗಿ ಅರ್ಥ ಆಗಬೇಕು.

ಜನ ಒಪ್ಪಿಕೊಂಡ್ರು. ‘ಗೋವಾದಲ್ಲಿ ಸಿಐಡಿ 999’ ಅದೇ 1968ರಲ್ಲಿ ಬಂತು, ಲಕ್ಷ್ಮಿ ನಾಯಕಿ. 1969ರ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಚಿತ್ರದ ನಾಯಕಿ, ಆಮೇಲೆ ಹಿಂದಿಯಲ್ಲಿ ಮಿಂಚಿದ ರೇಖಾ.

ಆ ಕಾಲದಲ್ಲಿ ಗೂಢಚಾರರ ಗಾಳಿ ಎಲ್ಲಾ ಕಡೆ ಬೀಸ್ತಿತ್ತು. ಬ್ರಿಟನ್ನಿನ ಟಿವಿಯಲ್ಲಿ 1960ಕ್ಕೆ ‘ಡೇಂಜರ್ ಮ್ಯಾನ್’, 1961ಕ್ಕೆ ‘ದಿ ಅವೆಂಜರ್ಸ್’ ಶುರುವಾಗಿದ್ವು. ಎರಡನೆಯದು ಮಾರ್ವೆಲ್‌ನವರದ್ದಲ್ಲ ಮತ್ತೆ! ‘ಡೇಂಜರ್ ಮ್ಯಾನ್’ ನಾಯಕ ಪ್ಯಾಟ್ರಿಕ್ ಮೆಕ್‌ಗೂಹನ್, ತನ್ನ ಗೂಢಚಾರ ಸುಮ್ಮಸುಮ್ಮನೆ ಗುಂಡು ಹಾರಿಸಬಾರದು, ಕಂಡಕಂಡ ಹೆಣ್ಣಿನ ಹಿಂದೆ ಹೋಗಬಾರದು ಅಂತ ಹಟ ಹಿಡಿದವರು. ಅಣ್ಣಾವ್ರು ಪಿಸ್ತೂಲು ಹಿಡಿದ್ರು, ಹಾಡಿಗೆ ಹೆಜ್ಜೆಯನ್ನೂ ಹಾಕಿದ್ರು. ಆದ್ರೆ ತೆರೆಯ ಮೇಲೆ ಕುಡಿತ, ಸಿಗರೇಟನ್ನ ದೊಡ್ಡದು ಮಾಡಿ ತೋರಿಸೋ ಪಾತ್ರಗಳಿಂದ ದೂರವೇ ಉಳಿದವರು ಅವರು. ವೇಷ ಬಾಂಡ್‌ದು, ಒಳಗಿದ್ದ ಮನುಷ್ಯ ಮಾತ್ರ ನಮ್ಮವನೇ.

ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂತು. ಅದರಲ್ಲಿ ಅಣ್ಣಾವ್ರೇ ಹಾಡಿದ ಇಂಗ್ಲಿಷ್ ಹಾಡು ಇವತ್ತಿಗೂ ರೀಲ್ಸ್‌ನಲ್ಲಿ ಓಡ್ತಿದೆ. ನಾವೂ ಹಾಸ್ಟೆಲ್‌ನಲ್ಲಿ ಹಾಕ್ಕೊಂಡು ಕುಣಿದಿದ್ದೀವಿ. ಆದ್ರೆ ಒಂದು ಕ್ಷಣ ಯೋಚನೆ ಮಾಡೋಣ. ಶಾಲೆಯನ್ನೂ ಸರಿಯಾಗಿ ಕಾಣದ ಮನುಷ್ಯ ಆತ. ಇಂಗ್ಲಿಷ್ ಮೀಡಿಯಂನಲ್ಲೇ ಓದಿದ ನಾವು ಸೆಮಿನಾರ್‌ನಲ್ಲಿ ಒಂದು ಪದ ತಪ್ಪಾದ್ರೆ ಯಾರು ನಗ್ತಾರೋ ಅಂತ ಸುತ್ತ ನೋಡ್ತೀವಿ. ಅವರು ಎದೆತುಂಬಿ ಹಾಡಿಬಿಟ್ರು.

ಅದೇ ಮನುಷ್ಯ 1980ರ ದಶಕದ ಆರಂಭದಲ್ಲಿ ಗೋಕಾಕ್ ಚಳವಳಿಗೆ ಇಳಿದ್ರು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಸಿಗಬೇಕು ಅನ್ನೋ ಹೋರಾಟ ಅದು. ಅವರು ಬಂದ ಮೇಲೆ ಅದು ಸಾಹಿತಿಗಳ ಚರ್ಚೆಯಾಗಿ ಉಳಿಯಲಿಲ್ಲ, ಊರೂರಿನ ಜನ ಬೀದಿಗೆ ಬಂದ್ರು. 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. 2000ದಲ್ಲಿ ಗಾಜನೂರಿನ ಮನೆಯಿಂದಲೇ ವೀರಪ್ಪನ್ ಅಪಹರಿಸಿದ, 108 ದಿನ ಕಾಡಿನಲ್ಲಿ ಕಳೆದು ವಾಪಸ್ ಬಂದ್ರು. 2006ರ ಏಪ್ರಿಲ್ 12ರಂದು ತೀರಿಕೊಂಡ್ರು, ಕಣ್ಣು ದಾನ ಮಾಡಿ ಹೋದ್ರು. ಸಮಾಧಿ ಇರೋದು ಕಂಠೀರವ ಸ್ಟುಡಿಯೋದಲ್ಲಿ, ನಮ್ಮ ಹೊಸಹಳ್ಳಿಯಿಂದ ಬಹಳ ದೂರವೇನಲ್ಲ.

ಇಂಗ್ಲಿಷ್ ಹಾಡು ಹಾಡಿದ್ದೂ ಕನ್ನಡಕ್ಕಾಗಿ ಬೀದಿಗೆ ಇಳಿದಿದ್ದೂ ಒಬ್ಬರೇ. ಒಂದನ್ನ ಹಿಡಿಯೋಕೆ ಇನ್ನೊಂದನ್ನ ಬಿಡಬೇಕು ಅಂತ ಅವರಿಗೆ ಅನ್ನಿಸಲೇ ಇಲ್ಲ. ಕೋಡಿಂಗ್ ಇಂಗ್ಲಿಷ್‌ನಲ್ಲಿ, ಕನಸು ಕನ್ನಡದಲ್ಲಿ ಅಂತ ಓಡಾಡೋ ನಮಗೆ ಸಿಐಡಿ 999 ಬಿಟ್ಟುಹೋದ ಗುಟ್ಟು ಇದೇ ಇರಬೇಕು.