ಹಳೆ ಎಂಜಿನ್‌ಗೆ ಜೀವ ಕೊಟ್ಟ ಹೋಂಡಾ

ಹಳೆಯ ಜಪಾನಿ ಬೈಕುಗಳನ್ನು ಬಿಚ್ಚಿ, ದುರಸ್ತಿಗೊಳಿಸಿ ಮತ್ತೆ ರಸ್ತೆಗಿಳಿಸುವ ಹವ್ಯಾಸಿಗಳಿಗೆ ಸೊಯಿಚಿರೊ ಹೋಂಡಾ ಅಪರಿಚಿತರಲ್ಲ. ಅವರೂ ಮೂಲತಃ ರಿಪೇರಿಗಾರರೇ.

ಕಮ್ಮಾರನ ಮಗನಾಗಿ 1906ರಲ್ಲಿ ಶಿಜುವೊಕಾ ಪ್ರಾಂತ್ಯದಲ್ಲಿ ಜನಿಸಿದ ಅವರು ಹದಿನೈದರ ಹರೆಯದಲ್ಲಿ ಟೋಕಿಯೊದ ಗ್ಯಾರೇಜು ಸೇರಿದರು. ಮೊದಲು ದಕ್ಕಿದ್ದು ಸ್ಪ್ಯಾನರ್ ಅಲ್ಲ, ಯಜಮಾನರ ಕೂಸನ್ನು ಆಡಿಸುವ ಕೆಲಸ! ಮುಂದೆ ಕಟ್ಟಿದ ಪಿಸ್ಟನ್ ರಿಂಗ್ ಕಾರ್ಖಾನೆಗೆ ಯುದ್ಧದ ಬಾಂಬು, 1945ರ ಭೂಕಂಪ ಎರಡೂ ಎರಗಿದವು. ತಮ್ಮ ಪಾಲನ್ನು ಟೊಯೊಟಾಗೆ ಮಾರಿ ಕೈತೊಳೆದುಕೊಂಡರು.

ಸೋತ ಜಪಾನಿನಲ್ಲಿ ರೈಲುಗಳು ಕಿಕ್ಕಿರಿದಿದ್ದವು, ಪೆಟ್ರೋಲಿಗೆ ಬರವಿತ್ತು. ಸೇನೆಯ ವೈರ್‌ಲೆಸ್ ಜನರೇಟರುಗಳಿಗೆಂದು ತಯಾರಾಗಿ ಉಳಿದಿದ್ದ ಪುಟ್ಟ ಎಂಜಿನ್‌ಗಳು 1946ರಲ್ಲಿ ಅವರ ಕಣ್ಣಿಗೆ ಬಿದ್ದವು. ಅವನ್ನು ಸರಿಪಡಿಸಿ ಸೈಕಲ್ಲಿಗೆ ಜೋಡಿಸಿದರು. ಹಾಸಿಗೆ ಬೆಚ್ಚಗಿಡಲು ಬಿಸಿನೀರು ತುಂಬುವ ಡಬ್ಬಿಯೇ ಇಂಧನದ ಟ್ಯಾಂಕು. ಆ ದಾಸ್ತಾನು ಮುಗಿದಾಗ ಸ್ವಂತ ಎಂಜಿನ್ ರೂಪಿಸಿದರು. 1948ರಲ್ಲಿ ಹೋಂಡಾ ಮೋಟಾರ್ ಕಂಪನಿ ಸ್ಥಾಪನೆಯಾಯಿತು. ಹಣಕಾಸಿನ ಗೋಜನ್ನು ಮರುವರ್ಷ ಜತೆಯಾದ ತಾಕೆಯೊ ಫುಜಿಸಾವಾ ಅವರಿಗೇ ಬಿಟ್ಟರು.

1958ರಲ್ಲಿ ಸೂಪರ್ ಕಬ್, 1969ರಲ್ಲಿ ಸಿಬಿ750 ಬಂದವು. ಸಿಬಿ750ರ ನಾಲ್ಕು ಕಾರ್ಬುರೇಟರ್‌ಗಳನ್ನು ಒಂದೇ ಹದಕ್ಕೆ ತರುವುದು ಇಂದಿಗೂ ಮೆಕ್ಯಾನಿಕ್‌ನ ಕೈಚಳಕಕ್ಕೆ ಸವಾಲು.

1973ರಲ್ಲಿ ಅಧ್ಯಕ್ಷ ಪದವಿ ತೊರೆದ ಹೋಂಡಾ, ದೇಶದುದ್ದಕ್ಕೂ ತಮ್ಮ ಕಾರ್ಖಾನೆ, ಅಂಗಡಿಗಳನ್ನು ಸುತ್ತಿ ಕೆಲಸಗಾರರ ಕೈಕುಲುಕಿದರು. ಹೀರೋ ಹೋಂಡಾ ಸಿಡಿ100 ಮೂಲಕ 1985ರಲ್ಲಿ ಅವರ ಹೆಸರು ನಮ್ಮ ರಸ್ತೆಗಳಿಗೂ ಬಂತು. 1991ರ ಆಗಸ್ಟ್ 5ರಂದು ಅವರು ನಿಧನರಾದರು.