ಹತ್ತು ಪೆನ್ನಿಯ ಕ್ರೀಮ್, ಆರು ಷಿಲಿಂಗ್ ಬೆಲೆ!

ಚಳಿಗಾಲ ಬಂತೆಂದರೆ ಒಣ ಚರ್ಮದವರ ಪಾಡು ಯಾರಿಗೂ ಬೇಡ. ಮುಖ ತೊಳೆದ ಐದೇ ನಿಮಿಷಕ್ಕೆ ಕೆನ್ನೆ ಬಿಗಿಯುತ್ತದೆ, ಮೂಗಿನ ಪಕ್ಕ ಬಿಳಿ ಹೊಟ್ಟು ಏಳುತ್ತದೆ. ಅಂಗಡಿಗೆ ಹೋದರೆ ಅಂಗೈಯಲ್ಲಿ ಹಿಡಿಸುವ ಡಬ್ಬಿಗೆ ಸಾವಿರಾರು ರೂಪಾಯಿ! ಇಷ್ಟು ದುಬಾರಿ ಅಂದ್ಮೇಲೆ ಒಳ್ಳೇದೇ ಇರಬೇಕು ಅಂತ ಮನಸ್ಸು ಹೇಳುತ್ತೆ, ಅಲ್ವಾ? ಹೆಂಗಸರ ಈ ಮನಸ್ಸನ್ನು ನೂರು ವರ್ಷಕ್ಕೂ ಹಿಂದೆಯೇ ಓದಿಕೊಂಡವಳು ಹೆಲೆನಾ ರೂಬಿನ್‌ಸ್ಟೈನ್.

ಹುಟ್ಟಿದ್ದು 1872ರಲ್ಲಿ, ಇಂದಿನ ಪೋಲೆಂಡಿನ ಕ್ರಾಕೋವ್ ನಗರದಲ್ಲಿ. ಯಹೂದಿ ಅಂಗಡಿಕಾರನ ಎಂಟು ಹೆಣ್ಣುಮಕ್ಕಳಲ್ಲಿ ಈಕೆ ಹಿರಿಯವಳು. ಮನೆಯವರು ನೋಡಿದ ಗಂಡನ್ನು ಒಲ್ಲೆ ಅಂದಳು. 1896ರಲ್ಲಿ ಆಸ್ಟ್ರೇಲಿಯಾದ ಹಡಗು ಹತ್ತಿದಾಗ ಕೈಯಲ್ಲಿ ದುಡ್ಡಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಇದ್ದ ಬಂಡವಾಳ ಎಂದರೆ ಹಾಲಿನಂಥ ಮೈಬಣ್ಣ, ನುಣುಪು ಕೆನ್ನೆ.

ವಿಕ್ಟೋರಿಯಾ ಪ್ರಾಂತದ ಕೋಲ್‌ರೇನ್ ಎಂಬ ಸಣ್ಣ ಊರಿನಲ್ಲಿ ಸೋದರಮಾವನ ಮನೆ. ಅಲ್ಲಿನ ಬಿಸಿಲು, ಗಾಳಿಗೆ ಹೆಂಗಸರ ಮುಖ ಒಣಗಿ ಸುಕ್ಕುಗಟ್ಟಿತ್ತು. ಈಕೆಯ ಚರ್ಮ ನೋಡಿದವರೆಲ್ಲ ಏನು ಹಚ್ಚುತ್ತೀ ಎಂದು ಕೇಳತೊಡಗಿದರು. ಆ ಸೀಮೆಯಲ್ಲಿ ಕುರಿಗಳಿಗೇನು ಬರವೇ? ಕುರಿಯ ಉಣ್ಣೆಯಲ್ಲಿರುವ ಜಿಡ್ಡೇ ಲ್ಯಾನೋಲಿನ್. ಒಣ ಚರ್ಮಕ್ಕೆ ಒಳ್ಳೆಯದು, ಆದರೆ ವಾಸನೆ ಮಾತ್ರ ಸಹಿಸೋಕಾಗಲ್ಲ. ಲ್ಯಾವೆಂಡರ್, ಪೈನ್ ಮರದ ತೊಗಟೆ, ನೈದಿಲೆ ಹೂಗಳನ್ನು ಬೆರೆಸಿ ಆಕೆ ಆ ವಾಸನೆಯನ್ನು ಅಡಗಿಸಿದಳು.

1900ರ ದಶಕದ ಆರಂಭದಲ್ಲಿ ಮೆಲ್ಬರ್ನ್‌ನಲ್ಲಿ ಸಲೂನ್ ತೆರೆದಳು. ಕ್ರೀಮಿನ ಹೆಸರು ವ್ಯಾಲಾಜ್. ಇದರಲ್ಲಿ ಯುರೋಪಿನ ಕಾರ್ಪೇಥಿಯನ್ ಬೆಟ್ಟಗಳ ಅಪರೂಪದ ಗಿಡಮೂಲಿಕೆಗಳಿವೆ ಎಂದು ಜಾಹೀರಾತು. ತಯಾರಿಸಲು ಹತ್ತು ಪೆನ್ನಿ, ಮಾರಿದ್ದು ಆರು ಷಿಲಿಂಗಿಗೆ! ಆಗ ಷಿಲಿಂಗಿಗೆ ಹನ್ನೆರಡು ಪೆನ್ನಿ, ಅಂದರೆ ಏಳು ಪಟ್ಟಿಗೂ ಹೆಚ್ಚು. ಅಗ್ಗಕ್ಕೆ ಕೊಟ್ಟರೆ ಹೆಂಗಸರು ನಂಬುವುದಿಲ್ಲ ಎಂಬುದು ಆಕೆಯ ಲೆಕ್ಕ. ಡಬ್ಬಿಗೆ ತುಂಬಿದಷ್ಟೂ ಖರ್ಚಾಯಿತು. (ಹೊಟ್ಟೆ ಉರಿಯುತ್ತೆ, ಆದರೆ ಜಾಣೆ ಅನ್ನದೆ ವಿಧಿಯಿಲ್ಲ.)

ಬರೀ ಮೋಸವೆಂದು ತಳ್ಳಿಹಾಕುವಂತೆಯೂ ಇಲ್ಲ. ಎಲ್ಲರ ಚರ್ಮವೂ ಒಂದೇ ಅಲ್ಲ, ಒಣ, ಎಣ್ಣೆ, ಸಾಮಾನ್ಯ ಎಂದು ಬೇರೆ ಬೇರೆಯಾಗಿ ನೋಡಬೇಕೆಂದು ಗಿರಾಕಿಗಳಿಗೆ ಕಲಿಸಿದ ಮೊದಲಿಗರಲ್ಲಿ ಈಕೆಯೂ ಒಬ್ಬಳು. ಇಂದು ಪಾರ್ಲರಿನವರು ಕೇಳುವ ಮೊದಲ ಪ್ರಶ್ನೆಯೇ ಅದು.

1908ರಲ್ಲಿ ಲಂಡನ್, ಆಮೇಲೆ ಪ್ಯಾರಿಸ್, ಮೊದಲ ಮಹಾಯುದ್ಧದ ಹೊತ್ತಿಗೆ ನ್ಯೂಯಾರ್ಕ್. ಮದುವೆ, ಇಬ್ಬರು ಗಂಡುಮಕ್ಕಳು, ಗಂಡನ ಸಹವಾಸ ಸುಖವಿಲ್ಲದೆ ಕೊನೆಗೆ ವಿಚ್ಛೇದನ. ವ್ಯಾಪಾರದಲ್ಲಿ ಮಾತ್ರ ಯಾರೂ ಆಕೆಯನ್ನು ಏಮಾರಿಸಲಾಗಲಿಲ್ಲ. 1928ರಲ್ಲಿ ಅಮೆರಿಕದ ಕಂಪನಿಯನ್ನು ಲೀಮನ್ ಬ್ರದರ್ಸ್ ಬ್ಯಾಂಕಿಗೆ 73 ಲಕ್ಷ ಡಾಲರಿಗೆ ಮಾರಿದಳು. ಮರುವರ್ಷ ಷೇರುಪೇಟೆ ಕುಸಿಯಿತು. 15 ಲಕ್ಷಕ್ಕೂ ಕಡಿಮೆ ಕೊಟ್ಟು ಅದೇ ಕಂಪನಿಯನ್ನು ವಾಪಸ್ ಕೊಂಡಳು! ಇಷ್ಟಾಗಿಯೂ ಮಧ್ಯಾಹ್ನದ ಊಟ ಕಾಗದದ ಚೀಲದಲ್ಲಿ ಆಫೀಸಿಗೆ ಬರುತ್ತಿತ್ತು. ದುಬಾರಿ ಖರ್ಚು ಗಿರಾಕಿಗಳಿಗೆ, ತನಗಲ್ಲ. 1965ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ವಯಸ್ಸು 92.

ಈಗ ನಿಮ್ಮ ಡಬ್ಬಿಯ ವಿಷಯಕ್ಕೆ ಬರೋಣ. ಒಣ ಚರ್ಮಕ್ಕೆ ಬೇಕಾದ್ದು ಎರಡು: ನೀರನ್ನು ಎಳೆದುಕೊಳ್ಳುವ ಗ್ಲಿಸರಿನ್‌ನಂಥದ್ದು, ಆ ನೀರು ಆರದಂತೆ ತಡೆಯುವ ಲ್ಯಾನೋಲಿನ್ ಅಥವಾ ಪೆಟ್ರೋಲಿಯಂ ಜೆಲ್ಲಿಯಂಥದ್ದು. ಇವು ಅಗ್ಗದ ಕ್ರೀಮಿನಲ್ಲೂ ಇರುತ್ತವೆ. ದುಬಾರಿಯದು ಹಚ್ಚಲು ಹಗುರ, ಪರಿಮಳ ಹಿತ ಅನ್ನಿಸಬಹುದು. ಆ ಸುಖಕ್ಕೆ ದುಡ್ಡು ಕೊಡುವುದೂ ತಪ್ಪಲ್ಲ, ಆದರೆ ಯಾವುದಕ್ಕೆ ಕೊಡುತ್ತಿದ್ದೀರಿ ಅಂತ ಗೊತ್ತಿರಲಿ.

ಕೊಳ್ಳುವ ಮೊದಲು ಸ್ಯಾಂಪಲ್ ಕೇಳಿ. ಮೊಣಕೈ ಒಳಭಾಗಕ್ಕೆ ದಿನಾ ಸ್ವಲ್ಪ ಹಚ್ಚಿ, ಒಂದು ವಾರ ನೋಡಿ. ಲ್ಯಾನೋಲಿನ್, ಸುಗಂಧ ಕೆಲವರಿಗೆ ಆಗಿಬರುವುದಿಲ್ಲ. ತುರಿಕೆ, ಕೆಂಪು ಕಂಡರೆ ಬಿಟ್ಟುಬಿಡಿ, ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಏನೂ ಆಗಲಿಲ್ಲವೇ? ಮುಖ ತೊಳೆದು ಒತ್ತಿ ಒರೆಸಿ, ಪಸೆ ಇರುವಾಗಲೇ ಒಂದು ಕೆನ್ನೆಗೆ ದುಬಾರಿಯದು, ಇನ್ನೊಂದಕ್ಕೆ ಮನೆಯಲ್ಲಿರುವ ಮಾಮೂಲಿ ಕ್ರೀಮ್ ಹಚ್ಚಿ. ಎರಡು ವಾರ ಹೀಗೇ ಮಾಡಿ. ಆಮೇಲೆ ಯಾವ ಕೆನ್ನೆಗೆ ಯಾವುದು ಅಂತ ಹೇಳದೆ ಮನೆಯವರಿಗೆ ಮುಟ್ಟಿ ನೋಡಲು ಹೇಳಿ.