ತೆರೆಯ ಹಿಂದಿನ ಕಾರಂತರು

ಬಿ.ವಿ. ಕಾರಂತರೆಂದರೆ ನಮ್ಮ ತಲೆಮಾರಿಗೆ ಮೊದಲು ನೆನಪಾಗುವುದು ರಂಗಭೂಮಿ. ಆಮೇಲೆ ‘ಚೋಮನ ದುಡಿ’. ದೇಶದ ಇನ್ನೊಂದು ಅಂಚಿನ ಕೋಲ್ಕತ್ತದಲ್ಲಿ, ತಮ್ಮದಲ್ಲದ ಭಾಷೆಯ ಚಿತ್ರಗಳಿಗೆ ಅವರು ತೆರೆಯ ಹಿಂದೆ ದುಡಿದದ್ದನ್ನು ನೆನೆಯುವವರು ಕಡಿಮೆ.

ಅವರು ಹುಟ್ಟಿದ್ದು 1929ರಲ್ಲಿ, ಬಂಟ್ವಾಳ ತಾಲ್ಲೂಕಿನ ಮಂಚಿ ಗ್ರಾಮದ ಬಾಬುಕೋಡಿಯಲ್ಲಿ. ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದರು. ಹುಡುಗನ ಪ್ರತಿಭೆಯನ್ನು ಗುರುತಿಸಿದ ವೀರಣ್ಣನವರು ಅವರನ್ನು ಕಾಶಿಗೆ ಕಳುಹಿಸಿದರು. ಅಲ್ಲಿ ಹಿಂದಿಯಲ್ಲಿ ಎಂ.ಎ. ಪದವಿ, ಜೊತೆಗೆ ಪಂಡಿತ ಓಂಕಾರನಾಥ ಠಾಕೂರರಲ್ಲಿ ಸಂಗೀತಾಭ್ಯಾಸ. ನಂತರ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ.

ಸರ್ಕಾರಿ ಸೇವೆಯಲ್ಲಿದ್ದಾಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಗಳನ್ನು ನಾನು ಸಾಕಷ್ಟು ಸುತ್ತಿದ್ದೇನೆ. ಮುಂಬಯಿಯ ಹೋಟೆಲುಗಳಿಗೆ ದುಡಿಯಲು ಹೋದವರಿಲ್ಲದ ಮನೆ ಅಲ್ಲಿ ಅಪರೂಪ. ಅರ್ಥಶಾಸ್ತ್ರ ಓದಿದ ನನಗೆ ಅವರು ಊರಿಗೆ ಕಳುಹಿಸುತ್ತಿದ್ದ ಹಣದ ಲೆಕ್ಕದಲ್ಲಿ ಆಸಕ್ತಿಯಿತ್ತು. ಕಾರಂತರು ಊರಿನಿಂದ ಹೊತ್ತೊಯ್ದದ್ದು ಯಾವ ಲೆಕ್ಕಕ್ಕೂ ಸಿಗದ ಸರಕು: ಕಿವಿ. ಗದ್ದೆಯ ಬಯಲಿನಲ್ಲಿ ಬೆಳಗಿನವರೆಗೂ ಮೊಳಗುವ ಯಕ್ಷಗಾನದ ಚೆಂಡೆ, ಭೂತಕೋಲದ ವಾದ್ಯಘೋಷ, ಅವೆಲ್ಲ ನಿಂತಮೇಲೆ ಕವಿಯುವ ಮೌನ. ಆ ಮೌನವನ್ನು ಅರಿತವರು ಮಾತ್ರ ಚಿತ್ರವೊಂದಕ್ಕೆ ಅಗತ್ಯವಿದ್ದಷ್ಟೇ ಸದ್ದು ಕೊಡಬಲ್ಲರು ಎಂಬುದು ನನ್ನ ಎಣಿಕೆ.

ಮೃಣಾಲ್ ಸೇನ್ ತಮ್ಮ ಬಂಗಾಳಿ ಚಿತ್ರಗಳಿಗೆ ಅವರನ್ನು ಕರೆದರು. 1978ರ ‘ಪರಶುರಾಮ್’, 1979ರ ‘ಏಕ್ ದಿನ್ ಪ್ರತಿದಿನ್’, 1982ರ ‘ಖಾರಿಜ್’ ಮೂರಕ್ಕೂ ಸಂಗೀತ ಕಾರಂತರದು. ಇವು ಹಾಡು ಕುಣಿತದ ಚಿತ್ರಗಳಲ್ಲ. ಒಂದರಲ್ಲಿ ಕೆಲಸಕ್ಕೆ ಹೋದ ಮಗಳು ರಾತ್ರಿಯಾದರೂ ಮನೆಗೆ ಬಾರಳು. ಇನ್ನೊಂದರಲ್ಲಿ, ಚಳಿಯ ರಾತ್ರಿ ಅಡುಗೆಮನೆಯಲ್ಲಿ ಮಲಗಿದ ಕೆಲಸದ ಹುಡುಗ ಹೊಗೆಯ ವಿಷದಿಂದ ಬೆಳಗಾಗುವಷ್ಟರಲ್ಲಿ ಸತ್ತಿರುತ್ತಾನೆ. ಮಧ್ಯಮವರ್ಗದ ಮನೆಯೊಳಗಿನ ಅಳುಕಿಗೆ ವಾದ್ಯಮೇಳ ಕಟ್ಟಿದರೆ ಕೆಟ್ಟೀತು. ‘ಖಾರಿಜ್’ 1983ರಲ್ಲಿ ಕಾನ್ ಚಿತ್ರೋತ್ಸವದ ತೀರ್ಪುಗಾರರ ಪ್ರಶಸ್ತಿ ಪಡೆಯಿತು.

ಆಡಳಿತದಲ್ಲಿದ್ದವನಾಗಿ ನನ್ನ ಗಮನ ಸೆಳೆಯುವ ಸಂಗತಿ ಬೇರೆ. 1977ರಿಂದ 1981ರವರೆಗೆ ಕಾರಂತರು ತಾವು ಓದಿದ ನಾಟಕ ಶಾಲೆಗೇ ನಿರ್ದೇಶಕರಾಗಿದ್ದರು. ಆಮೇಲೆ ಭೋಪಾಲದ ರಂಗಮಂಡಲದ ಹೊಣೆ ಹೊತ್ತರು. ‘ವಂಶವೃಕ್ಷ’ಕ್ಕಾಗಿ ಗಿರೀಶ ಕಾರ್ನಾಡರೊಂದಿಗೆ ನಿರ್ದೇಶನದ ರಾಷ್ಟ್ರಪ್ರಶಸ್ತಿ ಅದಾಗಲೇ ಬಂದಿತ್ತು, ‘ಚೋಮನ ದುಡಿ’ ಸ್ವರ್ಣಕಮಲ ಗಳಿಸಿತ್ತು. ಇಷ್ಟೆಲ್ಲ ಆದ ಮೇಲೂ ಅವರು ಇನ್ನೊಬ್ಬ ನಿರ್ದೇಶಕನ ಕಲ್ಪನೆಗೆ ಅಧೀನರಾಗಿ ಕೆಲಸ ಮಾಡಬಲ್ಲವರಾಗಿದ್ದರು. ಒಮ್ಮೆ ಮೇಲಧಿಕಾರಿಯಾದವರು ಮತ್ತೆ ಟಿಪ್ಪಣಿ ಬರೆಯಲು ಕುಳಿತದ್ದನ್ನು ನನ್ನ ಸೇವಾವಧಿಯಲ್ಲಿ ನಾನಂತೂ ಕಾಣಲಿಲ್ಲ.

ಕನ್ನಡದಲ್ಲೂ ಅವರು ಹೀಗೆಯೇ ದುಡಿದರು. ‘ಋಷ್ಯಶೃಂಗ’ ಮತ್ತು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಅವರಿಗೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ತಂದವು. ಆದರೂ ನಮ್ಮ ಸಂಸ್ಮರಣೆಗಳಲ್ಲಿ ರಂಗಗೀತೆಗಳನ್ನು ಹಾಡಿದಷ್ಟು ಈ ಹಿನ್ನೆಲೆ ಸಂಗೀತವನ್ನು ಯಾರೂ ಕೇಳಿಸುವುದಿಲ್ಲ. ಹಾಡನ್ನು ವೇದಿಕೆಯ ಮೇಲೆ ಮತ್ತೆ ಹಾಡಬಹುದು. ಚಿತ್ರದ ಸದ್ದು ಚಿತ್ರವನ್ನು ಬಿಟ್ಟು ಬಾರದು.

2002ರ ಸೆಪ್ಟೆಂಬರ್ 1ರಂದು ಕಾರಂತರು ಬೆಂಗಳೂರಿನಲ್ಲಿ ತೀರಿಕೊಂಡರು. ಸಂಸ್ಕರಿಸಿ ಉಳಿಸಿಕೊಂಡ ‘ಘಟಶ್ರಾದ್ಧ’ದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಮಂಚಿಯ ಕಿವಿ ಕೇಳಿಸಿಕೊಂಡದ್ದನ್ನು ಅಂದು ಇಟಲಿಯ ಪ್ರೇಕ್ಷಕರೂ ಕೇಳಿದರು.